ಕಸ್ತೂರಿ ಅಕ್ಕನ ಮರುಮಾತು

ಮದುವೆಯಾಗಿ ಆ ಊರಿಗೆ ಬಂದ ದಿನ ಬಸ್ಸಿನಿಂದ ಇಳಿಯುತ್ತಲೇ ನಾನು ಏನೋ ಹೇಳಲು ಬಾಯಿ ತೆರೆದೆ. ಒಂದು ಅಂಗೈ ಬಂದು ಬಾಯಿ ಮುಚ್ಚಿತು. ಜೋಳದ ಹಿಟ್ಟಿನ ವಾಸನೆಯ ಅಂಗೈ. ನನ್ನ ಗಂಡನ ಅಣ್ಣನ ಹೆಂಡತಿ, ಅಂದರೆ ನನ್ನ ವಾರಗಿತ್ತಿ ಕಸ್ತೂರಿ ಅಕ್ಕ. ಕಣ್ಣಲ್ಲೇ ನಗುತ್ತ ಕೈ ಹಿಡಿದು ನಡೆಸಿಕೊಂಡು ಹೋದವಳು, ಮನೆಯ ಹೊಸಿಲು ದಾಟಿಸಿ ಬಾಗಿಲು ಹಾಕಿದ ಮೇಲೆ, "ಈಗ ಹೇಳವಾ, ಏನ್ ಹೇಳಾಕ ಹೊಂಟಿದ್ದಿ?" ಎಂದಳು. ಅಷ್ಟರಲ್ಲಿ ನನಗೆ ಹೇಳಬೇಕಾದದ್ದು ಮರೆತೇ ಹೋಗಿತ್ತು. ತವರಿನವರು ಮದುವೆಗೆ ಮೊದಲೇ ಆ ಊರಿನ ರೀತಿ ತಿಳಿಸಿದ್ದರು. ನಾನು ನಂಬಿರಲಿಲ್ಲ.

ಊರಿನ ಸುತ್ತ ಬಂಡೆಗಳ ಗುಡ್ಡ. ಅಲ್ಲಿ ಬಯಲಲ್ಲಿ ಆಡಿದ ಮಾತು ಒಂದಲ್ಲ ಒಂದು ದಿನ ಮರಳಿ ಬರುತ್ತದೆ. ಕೆಲವು ಮೂರು ತಿಂಗಳಿಗೆ ಬರುತ್ತವೆ, ಕೆಲವು ವರ್ಷ ಕಳೆದ ಮೇಲೆ, ಕೆಲವು ಮತ್ತೆ ಮತ್ತೆ. ಗುಡ್ಡದಲ್ಲಿ ಕೂಗಿದರೆ ಕೇಳುವ ಪ್ರತಿಧ್ವನಿಯಂತಲ್ಲ. ಪಕ್ಕದ ಓಣಿಯಲ್ಲಿ ನಿಂತು ಈಗಷ್ಟೇ ಹೇಳಿದಂತೆ, ಅದೇ ದನಿ, ಅದೇ ಏರಿಳಿತ, ನಡುವೆ ಎಳೆದ ಉಸಿರೂ ಸಹಿತ. ನಾಯಿ ಬೊಗಳಿದ್ದು ಬರುವುದಿಲ್ಲ, ದನ ಕೂಗಿದ್ದು ಬರುವುದಿಲ್ಲ. ಮನುಷ್ಯರ ಮಾತು ಮಾತ್ರ. ಊರವರು ಅದಕ್ಕೆ ಮರುಮಾತು ಎನ್ನುತ್ತಾರೆ. ಹಾಗಾಗಿ ಬೀದಿಯಲ್ಲಿ ಯಾರೂ ಮಾತಾಡುವುದಿಲ್ಲ. ತರಕಾರಿಯವಳು ಗಂಟೆ ಬಾರಿಸುತ್ತಾಳೆ, ಹಾಲಿನವನು ಕ್ಯಾನು ಬಡಿಯುತ್ತಾನೆ. ಜಗಳ ಆಡಬೇಕೆಂದರೂ ಕೈಸನ್ನೆ ಮಾಡಿ ಮನೆಯೊಳಗೆ ಕರೆದು, ಕೂರಿಸಿ, ಆಮೇಲೆ ಬೈಯುತ್ತಾರೆ. ನಮ್ಮ ಓಣಿಯ ಕೊನೆಯಲ್ಲಿ ಒಬ್ಬ ವಿಧವೆ ಇದ್ದಳು. ಅವಳ ಗಂಡ ಬದುಕಿದ್ದಾಗ ಮೇಕೆಗೆ ಬೈದದ್ದು ಅವನು ಸತ್ತ ಮೇಲೂ ಆಗಾಗ ಬರುತ್ತಿತ್ತು. ಅದಕ್ಕೆಂದೇ ಅವಳು ಮಧ್ಯಾಹ್ನವೆಲ್ಲ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಬಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ನಮ್ಮದು ಖಾನಾವಳಿ. ಸೂರಿನ ಕೆಳಗೆ ಆಡಿದ ಮಾತು ಮರಳುವುದಿಲ್ಲವಾದ್ದರಿಂದ ಊರಿನ ಮಾತೆಲ್ಲ ನಮ್ಮಲ್ಲಿಗೇ ಬರುತ್ತಿತ್ತು. ಊಟಕ್ಕಿಂತ ಮಾತಾಡಲು ಬರುವವರೇ ಹೆಚ್ಚು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು, ನಾನು ಬೇಯಿಸುತ್ತಿದ್ದೆ. ಭಾವ ಗುರುಸಿದ್ದಪ್ಪನವರು ಬಡಿಸುತ್ತಿದ್ದರು, ನನ್ನ ಗಂಡ ಹಿಂದಿನ ಗಿರಣಿ ನೋಡಿಕೊಳ್ಳುತ್ತಿದ್ದ. ಅಕ್ಕನ ರೊಟ್ಟಿ ಎಷ್ಟು ತೆಳುವೆಂದರೆ ಕಾವಲಿಗೆ ಹಾಕುವ ಮುನ್ನ ಅದರ ಹಿಂದೆ ಅವಳ ಬೆರಳಿನ ನೆರಳು ಕಾಣುತ್ತಿತ್ತು. ಊಟಕ್ಕೆ ಬಂದವರ ಮಾತನ್ನೆಲ್ಲ ಅವಳು ತಲೆ ತಗ್ಗಿಸಿಕೊಂಡೇ ಕೇಳುತ್ತಿದ್ದಳು. ಯಾರ ಮನೆಯಲ್ಲಿ ಏನು ಎಂಬುದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಒಬ್ಬರದನ್ನು ಇನ್ನೊಬ್ಬರಿಗೆ ಹೇಳಿದವಳಲ್ಲ.

ನಾನು ಬಂದ ಮರುವರ್ಷ, ಬಿಸಿಲು ಏರುವ ಕಾಲಕ್ಕೆ, ಅಕ್ಕನಲ್ಲಿ ಏನೋ ಬದಲಾಯಿತು. ಮೊದಮೊದಲು ನಮಗೆಲ್ಲ ಅದು ಖುಷಿಯಾಗಿಯೇ ಇತ್ತು. ಕೋಳಿ ಕೂಗುವ ಮೊದಲೇ ಎದ್ದು ಹಿಟ್ಟು ನಾದಿ ಮುಗಿಸಿರುತ್ತಿದ್ದಳು. ಹೊಸ ಚಟ್ನಿ, ಹೊಸ ಪಲ್ಯ. ಗೋಡೆಗೆ ಸುಣ್ಣ ಬಳಿದಳು, ಅದರ ಮೇಲೆ ನವಿಲು ಬರೆದಳು, ನವಿಲು ಸರಿಬರಲಿಲ್ಲವೆಂದು ಮತ್ತೆ ಸುಣ್ಣ ಬಳಿದಳು. "ನಿದ್ದಿ ಅಂದ್ರ ಹಾಳು ಹೊತ್ತು, ನಂದಾ. ಇಷ್ಟು ದಿನ ಎಷ್ಟು ಹಾಳು ಮಾಡೀನಿ ನೋಡು," ಎನ್ನುತ್ತಿದ್ದಳು. ಕಣ್ಣುಗಳು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು. ಒಂದು ಮಾತು ಮುಗಿಯುವ ಮೊದಲೇ ಮುಂದಿನದು ಅದರ ಬೆನ್ನ ಮೇಲೆ ಬೀಳುತ್ತಿತ್ತು. ಕಿವಿಯ ಬುಗುಡಿ ಬಿಚ್ಚಿ ನೀರು ಕೇಳಲು ಬಂದ ಅಪರಿಚಿತಳಿಗೆ ಕೊಟ್ಟುಬಿಟ್ಟಾಗ ನಮಗೆ ಹೆದರಿಕೆಯಾಯಿತು. ಭಾವ ಏನೋ ಅಂದರು. ಅಕ್ಕ ಹಿಟ್ಟಿನ ಕೈಯಲ್ಲೇ ಎದ್ದು ಹೊರಗೆ ನಡೆದಳು.

ಬೀದಿಯ ನಡುವೆ ನಿಂತು, ಗುಡ್ಡದ ಕಡೆ ಮುಖ ಮಾಡಿ, ಅಕ್ಕ ಮಾತಾಡತೊಡಗಿದಳು.

ಹಾಗೆ ಬಯಲಲ್ಲಿ ಯಾರಾದರೂ ಮಾತಾಡಿದ್ದನ್ನು ನಾನು ಅಲ್ಲಿ ಕಂಡದ್ದು ಅದೇ ಮೊದಲು. ಎಲ್ಲರನ್ನೂ ಹೆಸರು ಹಿಡಿದು ಊಟಕ್ಕೆ ಕರೆದಳು. ಹಾಡಿದಳು. ಚಿನ್ನದ ಕೆಲಸದ ಪತ್ತಾರ ಮೌನೇಶಪ್ಪನ ಮುದಿತಾಯಿ ಹಿತ್ತಲ ಬಾಗಿಲಿನಿಂದ ಬಂದು ನಮ್ಮಲ್ಲಿ ಉಂಡು ಹೋಗುತ್ತಾಳೆ, ಮನೆಯಲ್ಲಿ ಅವಳಿಗೆ ಹೊಟ್ಟೆ ತುಂಬ ಹಾಕುವುದಿಲ್ಲ ಎಂಬುದನ್ನು ಹೇಳಿದಳು. ಭಾವನನ್ನು ಒದ್ದೆ ಬಟ್ಟೆಗೆ ಹೋಲಿಸಿದಳು. ಗುಡ್ಡದ ತುದಿಯ ಚಪ್ಪಟೆ ಬಂಡೆಯ ಮೇಲೆ ನಿಂತು ಕಾಲೆತ್ತಿದರೆ ಗಾಳಿ ತನ್ನನ್ನು ಹಿಡಿದುಕೊಳ್ಳುತ್ತದೆ, ಬರುವವರು ಬರಬಹುದು ಎಂದಳು. ಓಣಿಯುದ್ದಕ್ಕೂ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಅದು ಆ ಹೊತ್ತಿನ ಮಾತಿಗೆ ಹೆದರಿ ಅಲ್ಲ. ಮುಂದೆ ಬರುವುದಕ್ಕೆ ಹೆದರಿ. ಒಳಗೆ ಎಳೆಯಲು ಹೋದ ಭಾವನ ಕೈ ಕಚ್ಚಿದಳು. ಹೀಗೆ ದಿನಗಟ್ಟಲೆ ನಡೆಯಿತು. ಗಂಟಲು ಒಡೆದು ದನಿ ಬೀಳುವವರೆಗೂ.

ಆಮೇಲೆ ಒಂದು ಬೆಳಿಗ್ಗೆ ಅಕ್ಕ ಏಳಲಿಲ್ಲ. ಸುಸ್ತಾಗಿದ್ದಾಳೆ, ಮಲಗಲಿ ಎಂದುಕೊಂಡೆವು. ಮಾರನೆಯ ದಿನವೂ ಏಳಲಿಲ್ಲ. ನಡುಮನೆಯಲ್ಲಿ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದವಳು ಮಳೆಗಾಲ ಶುರುವಾದರೂ ಹಾಗೇ ಇದ್ದಳು. ತುತ್ತು ಬಾಯಿಗಿಟ್ಟರೆ ಅಗಿಯುವುದೂ ಒಂದು ಕೆಲಸವೆಂಬಂತೆ ನಡುವೆ ನಿಲ್ಲಿಸಿಬಿಡುತ್ತಿದ್ದಳು. ತಲೆ ಬಾಚಲು ಕೂರಿಸಿದರೆ ಕೂರುತ್ತಿದ್ದಳು, ಬಿಟ್ಟರೆ ಬೀಳುತ್ತಿದ್ದಳು. ಅತ್ತೆ ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು. "ಸೋಗು ಮಾಡ್ತಾಳ, ಮಾಡಿದ್ದಕ್ಕ ನಾಚಿಗ್ಯಾಗಿ ಮಲಗ್ಯಾಳ" ಎಂದು ಊಟಕ್ಕೆ ಬಂದ ಒಬ್ಬಳು ಹೇಳಿದಾಗ ಭಾವ ಅವಳ ಎಲೆ ಎತ್ತಿಬಿಟ್ಟರು. ಆದರೆ ಅವರಿಗೂ ಏನೆಂದು ತಿಳಿದಿರಲಿಲ್ಲ. ರೊಟ್ಟಿ ನಾನೇ ಬಡಿಯುತ್ತಿದ್ದೆ. ದಪ್ಪವಾಗುತ್ತಿತ್ತು.

ಅಂಥ ದಿನಗಳಲ್ಲೇ ಮರುಮಾತು ಬರತೊಡಗಿತು.

ಒಂದು ಮಧ್ಯಾಹ್ನ ನಾನು ಅಕ್ಕನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಹೊರಗೆ, ನಮ್ಮ ಬಾಗಿಲಿನ ಹತ್ತಿರವೇ ಎಂಬಂತೆ, ಅಕ್ಕನ ದನಿ ಕೇಳಿತು. ನಗುತ್ತಿತ್ತು. "ಬರ್ರಿ, ಎಲ್ಲಾರೂ ಬರ್ರಿ, ಹೋಳಿಗಿ ಮಾಡೀನಿ" ಎನ್ನುತ್ತಿತ್ತು. ನನ್ನ ಕೈಯಲ್ಲಿದ್ದ ಕಾಲು ತಣ್ಣಗಾಯಿತು. ಚಾಪೆಯ ಮೇಲಿನ ಅಕ್ಕ ಒಂದು ತಿಂಗಳಿಂದ ಬಾಯಿ ಬಿಟ್ಟಿರಲಿಲ್ಲ. ಹೊರಗಿನ ಅಕ್ಕ ಉಸಿರು ಬಿಡದೆ ಮಾತಾಡುತ್ತಿದ್ದಳು. ಕಿಟಕಿಗಳು ಮುಚ್ಚಿಕೊಳ್ಳುವ ಸದ್ದು ಓಣಿಯುದ್ದಕ್ಕೂ ಬಂತು. ಮೌನೇಶಪ್ಪನ ತಾಯಿಯ ಮಾತು ಎರಡನೇ ಸಲ ಬಂದಾಗ ಅವನು ಅಂಗಡಿ ಮುಚ್ಚಿ ಮನೆ ಸೇರಿದ. ಆವತ್ತಿನಿಂದ ನಮ್ಮಲ್ಲಿ ಊಟಕ್ಕೆ ಬರುವುದನ್ನು ಬಿಟ್ಟ.

"ಅಕಿ ಯಾರು?" ಎಂದು ಅಕ್ಕ ಕೇಳಿದಳು. ದನಿ ಒಣಗಿದ ಎಲೆಯ ಹಾಗಿತ್ತು.

"ನೀನ ಅಕ್ಕ. ಬ್ಯಾಸಗ್ಯಾಗ ಆಡಿದ್ದು."

ಅವಳು ಬಹಳ ಹೊತ್ತು ಕೇಳಿಸಿಕೊಂಡಳು. "ಎಷ್ಟು ಸುಖದಾಗ ಅದಾಳ ನೋಡು," ಎಂದಳು. "ನಾ ಸತ್ತೇನಿ, ಅಕಿ ಉಳಿದಾಳ."

ಆಮೇಲೆ ದಿನವೂ ಅವಳು ಕಿವಿಗೊಟ್ಟು ಮಲಗುತ್ತಿದ್ದಳು. ಕಿಟಕಿಗೆ ಗೋಣಿ ತುರುಕಿದೆ, ಗಿರಣಿ ಬಿಡುವಿಲ್ಲದೆ ಓಡಿಸಿದೆವು. ಆದರೂ ಕೇಳುತ್ತಿತ್ತು. ಒಂದು ದಿನ ನಾನು ಒಲೆಯ ಮುಂದಿದ್ದಾಗ ಹೊರಗಿನ ದನಿ, "ಬಾ, ಗುಡ್ಡದ ಬಂಡಿ ಮ್ಯಾಲ ಬಾ. ಗಾಳಿ ಹಿಡಕೊಂತೈತಿ, ಅಂಜಬ್ಯಾಡ," ಎಂದಿತು. ನಾನು ಕಾವಲಿ ಇಳಿಸಿ ನಡುಮನೆಗೆ ಬರುವಷ್ಟರಲ್ಲಿ ಚಾಪೆ ಖಾಲಿಯಾಗಿತ್ತು.

ತಿಂಗಳುಗಟ್ಟಲೆ ಮಲಗಿದ್ದವಳು ಅಷ್ಟು ದೂರ ಹೇಗೆ ನಡೆದಳೋ. ಬೀದಿಯಲ್ಲಿ ಜನ ನಿಂತಿದ್ದರು. ಒಬ್ಬರೂ ಕೂಗಲಿಲ್ಲ, ಗುಡ್ಡದ ಕಡೆ ಬೆರಳು ಮಾತ್ರ ತೋರಿಸಿದರು. ನಾನು ಓಡಿದೆ. ಓಣಿಯಲ್ಲಿ ನನ್ನ ಚಪ್ಪಲಿಯ ಸದ್ದು, ಮೇಲಿನಿಂದ ಅಕ್ಕನ ನಗು. ಚಪ್ಪಟೆ ಬಂಡೆಯ ಅಂಚಿನಿಂದ ಒಂದು ಮಾರು ಈಚೆ ಅಕ್ಕ ಕೂತಿದ್ದಳು. ಕಾಲು ಸೋತು ಕೂತದ್ದು. ದನಿ ಅವಳ ಸುತ್ತಲೂ ಇತ್ತು, ಬಾ ಬಾ ಎನ್ನುತ್ತಿತ್ತು. ನಾನು ಹೋಗಿ ಅವಳ ಸೆರಗನ್ನು ನನ್ನ ಸೆರಗಿಗೆ ಗಂಟು ಹಾಕಿ, ಅಂಚಿನ ಕಡೆ ನಾನು ಕೂತೆ.

"ನನ್ನ ಬಿಡು ನಂದಾ," ಎಂದಳು ಅಕ್ಕ. "ನಾ ಯಾರಿಗೂ ಬ್ಯಾಡ. ಅಕಿ ಇದ್ರ ಸಾಕು ನಿಮಗ."

ಬಯಲೆಂಬುದು ನನಗೆ ಮರೆತಿತ್ತು. "ಬಿಡಂಗಿಲ್ಲ," ಎಂದೆ. "ಅಕಿ ಯಾಕ ಬೇಕು ನನಗ. ರೊಟ್ಟಿ ಬಡಿಯಾಕ ಅಕಿ ಬರ್ತಾಳೇನು? ನಿನ್ನ ಬಿಡಂಗಿಲ್ಲ ನಾ."

ಭಾವ ಬರುವವರೆಗೆ ಹಾಗೇ ಕೂತಿದ್ದೆವು. ಕೆಳಗೆ ಇಳಿಯುವಾಗ ಭಾವ ಅವಳನ್ನು ಹೊತ್ತಿದ್ದರು. ಅವರ ಕೈಯ ಮೇಲೆ ಬೇಸಿಗೆಯ ಹಲ್ಲಿನ ಗುರುತು ಇನ್ನೂ ಇತ್ತು.

ಮಾರನೆಯ ದಿನವೇ ಮೂವರೂ ಬಸ್ಸು ಹತ್ತಿ ದೊಡ್ಡ ಊರಿನ ಆಸ್ಪತ್ರೆಗೆ ಹೋದೆವು. ಮನಸ್ಸಿನ ಡಾಕ್ಟರು, ಬಿಳಿಕೂದಲಿನ ಹೆಂಗಸು, ನಫೀಸಾ ಎಂದು ಹೆಸರು. ಅಕ್ಕನನ್ನು ಅವಸರ ಮಾಡದೆ ಕೇಳಿದರು. ಯಾರಾದರೂ ಕರೆದಂತೆ ಕೇಳುತ್ತದೆಯೇ ಎಂದಾಗ ಅಕ್ಕ, "ಹೌದ್ರಿ. ನನ್ನ ದನೀನ ಕರೀತೈತಿ. ಬಂಡಿ ಮ್ಯಾಲ ಬಾ ಅಂತೈತಿ," ಎಂದಳು. ಡಾಕ್ಟರು ಬರೆದುಕೊಂಡರು. ನಾನು ತಡೆಯಲಾರದೆ, "ಅದು ನಮಗೂ ಕೇಳ್ತೈತ್ರಿ. ಊರಿಗೆಲ್ಲ ಕೇಳ್ತೈತಿ," ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು, ಭಾವನನ್ನು ನೋಡಿದರು. ಭಾವ ತಲೆ ಆಡಿಸಿದರು. ಡಾಕ್ಟರು ನಮ್ಮ ಊರಿನ ಹೆಸರು ಕೇಳಿದರು. ಹೇಳಿದೆವು. ಅದು ಕಿವಿಗೆ ಬಿದ್ದದ್ದೇ ಬರೆದದ್ದರ ಮೇಲೆ ಗೀಟು ಎಳೆದರು. "ಹಾಗಾದರೆ ಬೇರೆ ಕೇಳುತ್ತೇನೆ. ಇವರಿಗ್ಯಾರಿಗೂ ಕೇಳದ್ದು ನಿಮಗೊಬ್ಬರಿಗೇ ಕೇಳಿದ್ದುಂಟೇ?" ಅಕ್ಕ ಯೋಚಿಸಿ, "ಇಲ್ರಿ," ಎಂದಳು.

ಬೈಪೋಲಾರ್ ಎಂದರು. ಮನಸ್ಸು ಕೆಲವು ಕಾಲ ಮಿತಿಮೀರಿ ಏರುತ್ತದೆ, ಕೆಲವು ಕಾಲ ತಳ ಸೇರುತ್ತದೆ, ನಡುವೆ ಎಷ್ಟೋ ದಿನ ಸರಿಯಾಗಿಯೇ ಇರುತ್ತದೆ. ಇದು ಸಕ್ಕರೆ ಕಾಯಿಲೆಯಂಥದೇ ಒಂದು ಕಾಯಿಲೆ, ಸೋಗಲ್ಲ, ಮಾಟವಲ್ಲ ಎಂದರು. ಮಾತ್ರೆ ಬಿಡಬಾರದು. ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ನಿದ್ದೆ ಕಡಿಮೆಯಾಗುತ್ತಿದ್ದಂತೆ ಬರಬೇಕು, ಮೈತುಂಬ ಖುಷಿ ಇದ್ದರೂ ಬರಬೇಕು. "ಹೆಚ್ಚು ಖುಷಿಯಾದಾಗಲೇ ಬರಲು ಮನಸ್ಸಾಗುವುದಿಲ್ಲ. ಆಗ ನೀವು ಹೇಳಬೇಕು," ಎಂದು ನನ್ನ ಕಡೆ ನೋಡಿದರು. ಭಾವ ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತು ಅತ್ತರು. ಆ ದೊಡ್ಡ ಊರಿನಲ್ಲಿ ಬಯಲಲ್ಲಿ ಅಳಬಹುದಿತ್ತು.

ಮಾತ್ರೆಯಿಂದ ಅಕ್ಕ ಎದ್ದಳು. ಒಮ್ಮೆಲೇ ಅಲ್ಲ. ಮೊದಲು ಕೂತಳು, ಆಮೇಲೆ ಸ್ನಾನ ಮಾಡಿದಳು, ದೀಪಾವಳಿಯ ಹೊತ್ತಿಗೆ ರೊಟ್ಟಿಯ ಕಲ್ಲಿನ ಮುಂದೆ ಬಂದಳು. ಮಾತ್ರೆಗೆ ಕೈ ಸಣ್ಣಗೆ ನಡುಗುತ್ತಿತ್ತು. ರೊಟ್ಟಿಯ ಅಂಚು ಸೊಟ್ಟಗಾಗುತ್ತಿತ್ತು. "ಬಾಯಾಗ ತಗಡು ಇಟ್ಟಂಗ ಆಗತೈತಿ," ಎಂದು ಗೊಣಗುತ್ತಿದ್ದಳು. ಬಾಯಾರಿಕೆ ಎಂದು ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು. ಆದರೂ ಒಂದು ವರ್ಷ ನಮ್ಮ ಅಕ್ಕ ನಮ್ಮ ಅಕ್ಕನಾಗಿಯೇ ಇದ್ದಳು. ಅದೇ ಭರವಸೆಯಲ್ಲಿ, ಇನ್ನು ಬೇಡವೆಂದುಕೊಂಡು, ನಮಗೆ ಹೇಳದೆ ಮಾತ್ರೆ ಬಿಟ್ಟಳು.

ಮನಸ್ಸು ಮತ್ತೆ ಏರಿದ್ದು ಗೊತ್ತಾದದ್ದು ಸುಣ್ಣದ ಬಕೆಟ್ಟು ಕಂಡಾಗ. ಆಸ್ಪತ್ರೆಗೆ ಹೋಗೋಣ ಎಂದರೆ ನಕ್ಕಳು. "ನಿನಗ ಹೊಟ್ಟಿಕಿಚ್ಚು ನಂದಾ. ನಾ ಮಲಗಿದ್ರ ನಿನಗ ಛಲೋ," ಎಂದಳು. ಆ ಮಾತು ನನಗೆ ಬಹಳ ದಿನ ಚುಚ್ಚಿತು. ಒಂದು ಮುಂಜಾನೆ ಮತ್ತೆ ಬೀದಿಗಿಳಿದಳು. ನಾನು ಹಿಂದೆಯೇ ಹೋಗಿ ತೋಳು ಹಿಡಿದೆ. ಕಿಟಕಿಗಳು ಮುಚ್ಚತೊಡಗಿದವು. ಅಕ್ಕ ಗುಡ್ಡದ ಕಡೆ ತಿರುಗಿ ಉಸಿರು ಎಳೆದುಕೊಂಡಳು.

ಅವಳು ಬಾಯಿ ತೆರೆಯುವ ಮೊದಲೇ ಗುಡ್ಡದಿಂದ ಮಾತು ಬಂತು. "ನನ್ನ ಬಿಡು ನಂದಾ. ನಾ ಯಾರಿಗೂ ಬ್ಯಾಡ."

ಅಕ್ಕನಿಗೆ ಅದರ ಗುರುತು ಹತ್ತಲಿಲ್ಲ. "ಯಾರದು, ಆ ಅಳುಬುರುಕ ಮುದುಕಿ?" ಎಂದು ನನ್ನನ್ನು ಕೇಳಿದಳು. ಕೇಳುವಾಗ ನಗುತ್ತಿದ್ದಳು. ಅಷ್ಟರಲ್ಲಿ ನನ್ನ ದನಿ ಬಂತು. "ಬಿಡಂಗಿಲ್ಲ. ನಿನ್ನ ಬಿಡಂಗಿಲ್ಲ ನಾ." ಅಕ್ಕ ಥಟ್ಟನೆ ನನ್ನ ಮುಖ ನೋಡಿದಳು. ನನ್ನ ತುಟಿ ಅಲುಗಿರಲಿಲ್ಲ. ಅವಳು ತನ್ನ ಕೈಯಿಂದ ನನ್ನ ತುಟಿ ಮುಟ್ಟಿ ನೋಡಿದಳು. ಆಮೇಲೆ ತನ್ನ ಗಂಟಲು ಮುಟ್ಟಿಕೊಂಡಳು. ಬೀದಿಯಲ್ಲಿ ನಾವಿಬ್ಬರೇ, ಮೇಲೆ ನಾವಿಬ್ಬರೇ. ಅವಳ ನಗು ಮುಖದ ಮೇಲೇ ಉಳಿದಿತ್ತು, ತೆಗೆಯಲು ಮರೆತ ಹಾಗೆ.

ಮಾತಾಡದೆ ಒಳಗೆ ಬಂದಳು. ಬಂದ ಕೂಡಲೇ ಕಾಯಿಲೆ ಇಳಿಯಲಿಲ್ಲ. ಹಗಲಿಡೀ ಒಳಗೇ ಓಡಾಡಿದಳು, ಒಳಗೇ ಮಾತಾಡಿದಳು, ಪಾತ್ರೆ ಎಸೆದಳು. ಆದರೆ ಭಾವ ಬಸ್ಸಿಗೆ ಕರೆದಾಗ ತಾನಾಗಿ ಚಪ್ಪಲಿ ಮೆಟ್ಟಿಕೊಂಡಳು. ಆ ಸಲ ಆಸ್ಪತ್ರೆಯಲ್ಲಿ ಉಳಿಯಬೇಕಾಯಿತು. ಡಾಕ್ಟರು ಮಾತ್ರೆ ಬದಲಿಸಿ ಕೊಟ್ಟರು. ನಡುಕ ಕಡಿಮೆಯಾಯಿತು.

ಮರಳಿ ಬಂದ ಮೇಲೆ ಅಕ್ಕ ಒಂದು ಮಧ್ಯಾಹ್ನ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಹೊರಗೆ ಅವಳ ಹಳೆಯ ಬೇಸಿಗೆಯ ಮಾತು ಅಷ್ಟಿಷ್ಟು ಬರುತ್ತಿತ್ತು. ಕೇಳಿಸಿಕೊಂಡು, "ಇಲ್ಲಿ ನೋಡು, ಇಲ್ಲಿಂದ ಉಸಿರು ತಗೊಳ್ಳೋದು ಬಿಟ್ಟಾಳ," ಎಂದಳು, ಬೇರೆ ಯಾರದೋ ಅಡುಗೆಯ ತಪ್ಪು ಹೇಳುವಂತೆ. ಮತ್ತೆ ಸ್ವಲ್ಪ ಹೊತ್ತಿಗೆ, "ಗುಡ್ಡದಾಗ ಇಬ್ರು ಅದಾರ ನಂದಾ. ನಗಾಕಿ ಒಬ್ಬಾಕಿ, ಅಳಾಕಿ ಒಬ್ಬಾಕಿ. ಹಿಂಗ ಬೆಳ್ಳೊಳ್ಳಿ ಸುಲಿಯಾಕಿದು ಒಂದು ಮಾತೂ ಇಲ್ಲ ಅಲ್ಲಿ. ಶಾಣ್ಯಾಕಿ ಅಲ್ಲೇನು, ಬಾಯಿ ಮುಚ್ಚಿಕೊಂಡು ಊರಿನ ರೀತಿ ಪಾಲಿಸ್ಯಾಳ," ಎಂದಳು.

ಮರುದಿನ ಮುಂಜಾನೆ ಮಾತ್ರೆ ನುಂಗಿ, ಬಾಗಿಲಿಗೆ ನೀರು ಹಾಕಿ, ಅಂಗಳದ ನಡುವೆ ನಿಂತು, ಪಕ್ಕದವರಿಗೆ ಹೇಳುವಷ್ಟೇ ದನಿಯಲ್ಲಿ ಅಕ್ಕ ಹೇಳಿದಳು: "ಇವತ್ತ ಬದನಿಕಾಯಿ ಎಳೀವು ಸಿಕ್ಕಾವ." ಅಷ್ಟೇ. ಒಳಗೆ ಬಂದಳು. ಅದರ ಮರುದಿನ, "ಗಿರಣಿ ಬೆಲ್ಟು ಹರದೈತಿ." ಇನ್ನೊಂದು ದಿನ, "ನಂದಾ ತಲಿ ನೋಯತೈತಿ ಅಂತ ಮಲಗ್ಯಾಳ." ನನಗೆ ಗಾಬರಿ. ಮತ್ತೆ ಶುರುವಾಯಿತೆಂದು ಭಾವ ಅವಳ ಮುಖವನ್ನೇ ನೋಡುತ್ತಿದ್ದರು, ನಿದ್ದೆ ಲೆಕ್ಕ ಹಾಕುತ್ತಿದ್ದರು. ನಿದ್ದೆ ಸರಿಯಾಗಿಯೇ ಇತ್ತು.

ಓಣಿಯ ಹಿರಿಯರ ಪರವಾಗಿ ಮೌನೇಶಪ್ಪ ಬಂದ. ವರ್ಷ ದಾಟಿದ ಮೇಲೆ ನಮ್ಮ ಹೊಸಿಲು ತುಳಿದಿದ್ದ. "ಕಸ್ತೂರವ್ವ, ಜಡ್ಡಿನಾಗ ಆಡಿದ್ದು ಬ್ಯಾರೆ. ಬುದ್ಧಿ ನೆಟ್ಟಗಿದ್ದು ಬಯಲಾಗ ಮಾತಾಡೋದು ಬ್ಯಾರೆ. ಊರಿಗೆ ಒಂದು ಪದ್ಧತಿ ಐತಿ," ಎಂದ.

"ಬುದ್ಧಿ ನೆಟ್ಟಗಿದ್ದಾಗಿಂದು ಬೇಕಾಗೈತಿ ನನಗ," ಎಂದಳು ಅಕ್ಕ. "ನಿಮ್ಮ ತಾಯಿ ಮಾತು ಬೀದ್ಯಾಗ ಹೇಳಿದ್ದು ತಪ್ಪಾತು. ಅದು ನಾನ ಹೇಳಿದ್ದು, ಜಡ್ಡು ಹೇಳಿಸ್ತು ಅಂತ ತಪ್ಪಿಸಿಕೊಳ್ಳಂಗಿಲ್ಲ. ಇನ್ನ ಯಾರ ಮಾತೂ ಹೇಳಂಗಿಲ್ಲ. ಬದನಿಕಾಯಿದು ಹೇಳಿದ್ರ ಯಾರಿಗೇನು?"

ನಾನು ಮೌನೇಶಪ್ಪನ ಮುಂದೆ ತಾಟು ಇಟ್ಟೆ. ಉಣ್ಣಲೋ ಬೇಡವೋ ಎಂದು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತನ್ನ ತಾಯಿಗೂ ಎರಡು ರೊಟ್ಟಿ ಕಟ್ಟಿಕೊಡಲು ಹೇಳಿದ.

ವರ್ಷಗಳು ಹೋದವು. ಕಾಯಿಲೆ ಹೋಗಲಿಲ್ಲ, ಹೋಗುವುದೆಂದು ಡಾಕ್ಟರೂ ಹೇಳಿರಲಿಲ್ಲ. ಏರುವ ದಿನಗಳು ಕಡಿಮೆಯಾದವು, ನಿದ್ದೆ ತಪ್ಪುತ್ತಿದ್ದಂತೆಯೇ ಬಸ್ಸು ಹತ್ತುವುದನ್ನು ಕಲಿತೆವು. ಅತ್ತೆ ತೀರಿಕೊಂಡ ವರ್ಷ ಮಾತ್ರ, ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದರೂ, ಅಕ್ಕ ಮತ್ತೆ ತಳ ಸೇರಿದಳು. ಅದೇ ನಡುಮನೆ, ಅದೇ ಗೋಡೆ. ಡಾಕ್ಟರು ಔಷಧಿ ಹೆಚ್ಚಿಸಿದ್ದರು, ಕಾಯಬೇಕು ಎಂದಿದ್ದರು. ನಾವು ಕಾಯುತ್ತಿದ್ದೆವು. ಎಷ್ಟೋ ದಿನದಿಂದ ಅವಳ ಬಾಯಿಂದ ಒಂದು ಮಾತಿರಲಿಲ್ಲ.

ಹೊರಗೆ ಜಿಟಿಜಿಟಿ ಮಳೆ. ನಾನು ಅವಳ ಪಕ್ಕ ಕೂತು ಜೋಳ ಹಸನು ಮಾಡುತ್ತಿದ್ದೆ. ಮಳೆಯ ನಡುವೆ ಅಕ್ಕನ ಮರುಮಾತು ಬಂತು. ನಗುವೂ ಅಲ್ಲ, ಅಳುವೂ ಅಲ್ಲ, ಪಕ್ಕದವರಿಗೆ ಹೇಳುವಷ್ಟೇ ದನಿ. "ಬಿಸಿಲು ಛಲೋ ಬಿದ್ದೈತಿ ಇವತ್ತ. ಮಾಳಗಿ ಮ್ಯಾಲ ಹಪ್ಪಳ ಹಾಕೀನಿ." ಅಷ್ಟೇ ಹೇಳಿ ನಿಂತಿತು. ಓಣಿಯಲ್ಲಿ ಯಾವ ಕಿಟಕಿಯೂ ಮುಚ್ಚಿಕೊಳ್ಳಲಿಲ್ಲ.

ಅಕ್ಕ ಕಣ್ಣು ತೆರೆದಳು. ಸೂರಿನ ಕಡೆ ನೋಡಿದಳು. ಹನಿಯ ಸದ್ದು ಕೇಳಿಸಿಕೊಂಡಳು.

"ನಂದಾ," ಎಂದಳು. "ಮಳಿ ಬರಾಕತ್ತೈತಲ್ಲ. ಹಪ್ಪಳ ಒಳಗ ತಂದ್ರೇನು?"

ಆ ವರ್ಷ ನಾವು ಹಪ್ಪಳವನ್ನೇ ಮಾಡಿರಲಿಲ್ಲ. ನಾನು ಜೋಳದ ಮೊರವನ್ನು ಕೆಳಗಿಟ್ಟು, ಏಣಿ ಹತ್ತಿ, ಖಾಲಿ ಮಾಳಿಗೆಯ ಮೇಲೆ ಮಳೆಯಲ್ಲಿ ಸ್ವಲ್ಪ ಹೊತ್ತು ನಿಂತು, ಇಳಿದು ಬಂದೆ. ಅಕ್ಕ ಬಾಗಿಲಿನ ಕಡೆಗೇ ಮುಖ ಮಾಡಿ ಮಲಗಿದ್ದಳು.

"ತಂದೆ ಅಕ್ಕ," ಎಂದೆ.

"ಹಸೀವು ಒಂದರ ಮ್ಯಾಲ ಒಂದು ಇಡಬ್ಯಾಡ," ಎಂದಳು. "ಅಂಟಿಕೊಂತಾವ."